ಸ್ಟೇಡಿಯಂ ಜಾಗ ಪಾಳು ಬಿದ್ದಿತ್ತು ಎಂದು ಹೇಳಿದ ಬಗ್ಗೆ

ಕೆಳಗೆ ಸಹಿ ಮಾಡಿರುವ ನಾನು, ವಯಸ್ಸು ಅರವತ್ತೊಂದು, ಕಸುಬು ಹೊಲಿಗೆ, ವಾಸ ರೈಲ್ವೆ ಗೇಟಿನ ಪಕ್ಕದ ಗಲ್ಲಿಯ ಮಹಡಿ ಮನೆ, ಈ ಮೂಲಕ ತಿಳಿಸುವುದೇನೆಂದರೆ:

ನಗರದ ಸ್ಟೇಡಿಯಂಗೆ ಐವತ್ತು ವರ್ಷ ತುಂಬಿದ್ದರಿಂದ ಈ ವಾರ ಸಾರ್ವಜನಿಕರಿಗೆ ಒಳಗೆಲ್ಲ ತೋರಿಸುತ್ತಿದ್ದಾರೆ. ಇಂದು ಬೆಳಿಗ್ಗೆ ಹತ್ತು ಗಂಟೆಗೆ ನಾನು, ನನ್ನ ತಂಗಿ ಮತ್ತು ತಂಗಿಯ ಸೊಸೆ ಟಿಕೆಟ್ ಪಡೆದು ಒಳಗೆ ಹೋದೆವು. ಸೊಸೆಗೆ ಫುಟ್‌ಬಾಲ್ ಹುಚ್ಚು. ಬಲವಂತ ಮಾಡಿದವಳು ಅವಳೇ. ಗೈಡ್ ಆಟಗಾರರ ಕೋಣೆ, ಕಪ್‌ಗಳಿಟ್ಟ ಗಾಜಿನ ಬೀರು, ಏಣಿ ಹತ್ತಿ ಅಂಕಿ ಬದಲಿಸುತ್ತಿದ್ದ ಹಳೆಯ ಮರದ ಸ್ಕೋರ್‌ಬೋರ್ಡ್ ತೋರಿಸಿದರು. ಚೆನ್ನಾಗಿಯೇ ವಿವರಿಸಿದರು. ಅದರಲ್ಲಿ ನನ್ನ ತಕರಾರಿಲ್ಲ.

ನಂತರ ನಮ್ಮನ್ನು ಮೈದಾನದ ಅಂಚಿಗೆ ಕರೆತಂದು, ಸ್ಟೇಡಿಯಂ ಕಟ್ಟುವ ಮೊದಲು ಇದು ಪಾಳು ಜಾಗವಾಗಿತ್ತೆಂದೂ, ಹಾವುಗಳ ಹೊರತು ಇಲ್ಲಿ ಯಾರೂ ಇರಲಿಲ್ಲವೆಂದೂ ಹೇಳಿದರು. ಜನ ನಕ್ಕರು. ನನಗೆ ಮೈ ಉರಿಯಿತು. “ಹಾವಲ್ಲಪ್ಪ, ನಾವಿದ್ವಿ,” ಎಂದೆ. ಇಲ್ಲಿ ಇದ್ದ ಮನೆಗಳನ್ನು ನನಗೆ ಒಂಬತ್ತು ವರ್ಷವಾಗಿದ್ದಾಗ ಕೆಡವಿದರೆಂದೂ, ಒಲೆ ಮೇಲಿದ್ದ ಪಾತ್ರೆಯನ್ನು ಅಮ್ಮ ಬಿಸಿಬಿಸಿಯಾಗಿಯೇ ಸೆರಗಿನಲ್ಲಿ ಹಿಡಿದು ಹೊರಗೆ ಬಂದಳೆಂದೂ ತಿಳಿಸಿದೆ. ಬರೆದುಕೊಟ್ಟದ್ದನ್ನು ಹೇಳುವುದಷ್ಟೇ ತಮ್ಮ ಕೆಲಸ ಎಂದು ಗೈಡ್ ಹೇಳಿದರು.

ನಾನು ಅಂಚಿಗೆ ಕಟ್ಟಿದ್ದ ಹಗ್ಗ ದಾಟಿ, ಗೋಲಿನ ಹತ್ತಿರ, ನಮ್ಮ ಮನೆ ಇದ್ದಿರಬಹುದಾದ ಕಡೆ ಹುಲ್ಲಿನ ಮೇಲೆ ಕುಳಿತೆ. ಹುಲ್ಲು ಹಾಳಾಗುತ್ತದೆ, ಏಳಿ ಎಂದು ಕಾವಲುಗಾರ ಹೇಳಿದ. ಏಳಲಿಲ್ಲ. ಆತ ನನ್ನ ಎಡರಟ್ಟೆ ಹಿಡಿದು ಎಳೆದ; ರವಿಕೆಯ ತೋಳು ಹರಿಯಿತು. ಅದು ನಾನೇ ಹೊಲಿದದ್ದು, ಸುಮ್ಮನೆ ಹರಿಯುವ ಹೊಲಿಗೆಯಲ್ಲ.

ಅಷ್ಟರಲ್ಲಿ ಮ್ಯಾನೇಜರ್ ಬಂದು, ನಾನು ಪರಿಹಾರ ಕೀಳಲು ನಾಟಕ ಆಡುತ್ತಿರುವುದಾಗಿ ಹೇಳಿ, ಸಾಕ್ಷಿ ಯಾರಿದ್ದಾರೆ ಎಂದು ಕೇಳಿದರು. ನಾನು ತಂಗಿಯ ಕಡೆ ನೋಡಲಿಲ್ಲ. ಜೋಪಡಿಯವರೆಂದು ಗೊತ್ತಾದರೆ ಸಂಬಂಧ ತಪ್ಪೀತೆಂದು ಅವಳ ಮದುವೆಯಲ್ಲಿ ನಮ್ಮವರು ವಿಷಯ ಮುಚ್ಚಿಟ್ಟಿದ್ದರು. ಗಂಡನ ಮನೆಯಲ್ಲಿ ಅವಳು ಇಂದಿನವರೆಗೂ ಬಾಯಿ ಬಿಟ್ಟವಳಲ್ಲ. ಸೊಸೆ ಪಕ್ಕದಲ್ಲೇ ಇದ್ದಳು.

ತಂಗಿ ಚಪ್ಪಲಿ ಕಳಚಿಟ್ಟು ಹಗ್ಗ ದಾಟಿ ಬಂದಳು. “ನಾನು ಹುಟ್ಟಿದ್ದೇ ಇಲ್ಲಿ. ಅಕ್ಕ ಹೇಳ್ತಿರೋದು ನಿಜ. ನನ್ನನ್ನೂ ಎಳೀರಿ ನೋಡೋಣ,” ಎಂದಳು. ಯಾರೂ ಎಳೆಯಲಿಲ್ಲ. ಸೊಸೆ ಏನನ್ನುತ್ತಾಳೋ ಎಂದು ನಾನು ಅವಳ ಮುಖ ನೋಡಿದೆ. ಅವಳು, “ಅತ್ತೆ, ಇಷ್ಟು ವರ್ಷ ಯಾಕೆ ನುಂಗ್ಕೊಂಡಿದ್ರಿ?” ಎಂದು ಕೇಳಿ, ತಾನೂ ಬಂದು ನಮ್ಮ ಪಕ್ಕ ಕುಳಿತಳು.

ಅಲ್ಲಿಂದ ಮೂವರೂ ದೂರು ಕೊಡಲು ಬಂದಾಗ, ನಾನು ತಪ್ಪಾಯಿತೆಂದರೆ ವಿಷಯ ಇಲ್ಲಿಗೇ ಮುಗಿಯುತ್ತದೆ ಎಂದು ಠಾಣೆಯಲ್ಲಿ ಸೂಚಿಸಲಾಯಿತು. ಒಪ್ಪಿಲ್ಲ. ನನಗೆ ಜಾಗ ಬೇಡ, ದುಡ್ಡೂ ಬೇಡ. ಕೈ ಹಿಡಿದು ಎಳೆದವನ ಮೇಲೆ ಕ್ರಮ ಆಗಬೇಕು. ಯಾರೂ ಇರಲಿಲ್ಲ ಎಂಬ ಮಾತನ್ನು ನಾಳೆ ಬರುವ ಜನರಿಗೆ ಹೇಳಕೂಡದು.

ನಾನು ಹೇಳಿದ್ದನ್ನು ಬರೆದುಕೊಂಡ ಪೊಲೀಸರು ಇದನ್ನು ನನಗೆ ಓದಿ ಹೇಳಿದರು. ‘ಇದ್ದವೆನ್ನಲಾದ ಮನೆಗಳು’ ಎಂದು ಬರೆದಿದ್ದುದನ್ನು ಹೊಡೆದುಹಾಕಿಸಿ ‘ಇದ್ದ ಮನೆಗಳು’ ಎಂದು ಬರೆಸಿದ್ದೇನೆ. ಈಗ ಎಲ್ಲವೂ ನಿಜವಿದೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: ಘಟನೆ ನಡೆದ ದಿನವೇ, ಮಧ್ಯಾಹ್ನ
ಸಹಿ: ಫಿರ್ಯಾದಿ
ಸಾಕ್ಷಿಗಳ ಸಹಿ: ಫಿರ್ಯಾದಿಯ ತಂಗಿ, ತಂಗಿಯ ಸೊಸೆ