ತಂಗಿ ತಂದ ಹಾಲನ್ನೂ ಮೂಸುವವನು

ಒಂದೂರು. ಅಲ್ಲಿ ಹಾಲಿನಿಂದಲೇ ಶ್ರೀಮಂತನಾದ ಒಬ್ಬ ಸಾಹುಕಾರ. ಬೆಳಗಾದರೆ ಸುತ್ತಲಿನ ಹಳ್ಳಿಯ ಹೆಣ್ಣುಮಕ್ಕಳು ಕ್ಯಾನು ಹೊತ್ತು ಅವನ ಡೈರಿಗೆ ಬರುತ್ತಿದ್ದರು. ಅವನದು ಒಂದೇ ನಿಯಮ. ಯಾರದೇ ಹಾಲಿರಲಿ, ಮುಚ್ಚಳ ತೆಗೆದು ಮೂಸಿ ನೋಡದೆ ದೊಡ್ಡ ತೊಟ್ಟಿಗೆ ಸುರಿಯುವಂತಿಲ್ಲ. ಸ್ವಂತ ತಂಗಿ ತಂದ ಹಾಲನ್ನೂ ಮೂಸುತ್ತಿದ್ದ, ನೋಡಿ! ಅವಳು ಮುಖ ಊದಿಸಿಕೊಂಡರೆ, "ಒಂದು ಕ್ಯಾನು ಹುಳಿಯಾದ್ರೆ ಎಲ್ಲರ ಹಾಲೂ ಕೆಡುತ್ತಲ್ಲಮ್ಮ" ಎನ್ನುತ್ತಿದ್ದ.

ಡೈರಿಯಲ್ಲಿ ತೂಕಕ್ಕೆ, ಹಾಲು ತಂಪು ಮಾಡುವುದಕ್ಕೆ, ಎಲ್ಲಕ್ಕೂ ಕಂಪ್ಯೂಟರು. ಅವುಗಳಿಗೆ ವೈರಸ್ ಹತ್ತದಂತೆ ಕಾಯಲು ಆಂಟಿವೈರಸ್ ಹಾಕಿಸಿದ್ದ. ಒಳ್ಳೆಯದೇ ಮಾಡಿದ್ದ. ಒಂದು ಬೆಳಿಗ್ಗೆ ಅದಕ್ಕೆ ಹೊಸ ಅಪ್‌ಡೇಟ್ ಬಂತು.

"ಮೊದಲು ಒಂದು ಕಂಪ್ಯೂಟರಿಗೆ ಹಾಕಿ ನೋಡೋಣ್ವಾ ಸಾಹುಕಾರ್ರೆ?" ಎಂದು ಮ್ಯಾನೇಜರು ಕೇಳಿದ.

"ಕಾಯೋನ ಮೇಲೇ ಅನುಮಾನವೇನಯ್ಯಾ? ಹಾಕು ಎಲ್ಲಕ್ಕೂ!"

ಏನಾಯಿತು? ಆ ಅಪ್‌ಡೇಟಿನಲ್ಲೇ ದೋಷವಿತ್ತು. ಕಂಪ್ಯೂಟರ್ ನಡೆಯಲು ಬೇಕಾದ ಫೈಲನ್ನೇ ಅದು ಕಳ್ಳನೆಂದು ಹಿಡಿದು ಕಟ್ಟಿಹಾಕಿತು. ಒಂದಲ್ಲ, ಎರಡಲ್ಲ, ಎಲ್ಲವೂ ಒಟ್ಟಿಗೆ ಕೆಟ್ಟು ನಿಂತವು. ಹಳೆಯದಕ್ಕೆ ಮರಳುವ ದಾರಿಯನ್ನು ಯಾರೂ ಇಟ್ಟುಕೊಂಡಿರಲಿಲ್ಲ. ತಂಪು ಮಾಡುವ ಯಂತ್ರ ನಿಂತು, ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯ ಹಾಲೆಲ್ಲ ಹುಳಿ. ಹೆಣ್ಣುಮಕ್ಕಳ ಕಣ್ಣೆದುರೇ ಅದನ್ನು ಚರಂಡಿಗೆ ಬಿಟ್ಟರು. ಸಾಹುಕಾರನಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ನಾಚಿಕೆ ಸಿಟ್ಟಾಯಿತು. "ಕಿತ್ತು ಬಿಸಾಕು ಆ ಆಂಟಿವೈರಸ್ಸನ್ನ!" ಎಂದು ಕೂಗಿದ.

ಆಗ ತಂಗಿ ಬಾಯಿಬಿಟ್ಟಳು. "ಒಂದು ಕ್ಯಾನು ಹುಳಿ ಬಂತು ಅಂತ ಹಾಲು ಕೊಳ್ಳೋದೇ ಬಿಡ್ತೀಯಾ ಅಣ್ಣಾ? ನಾನು ತಂದ ಹಾಲು ಮೂಸಿದಂಗೆ ಅದಕ್ಕೆ ಬರೋ ಅಪ್‌ಡೇಟನ್ನೂ ಮೂಸು."

ಅಂದಿನಿಂದ ಯಾವ ಅಪ್‌ಡೇಟ್ ಬಂದರೂ ಮೊದಲು ಮೂಲೆಯ ಒಂದು ಕಂಪ್ಯೂಟರಿಗೆ. ಅದು ಸರಿಯಾಗಿ ನಡೆದರೆ ಮಾತ್ರ ಉಳಿದವಕ್ಕೆ.

ಈಗ ನಿಮ್ಮನ್ನು ಕೇಳುತ್ತೇನೆ. ಬ್ಯಾಂಕಿನವರಿದ್ದೀರಿ, ಆಸ್ಪತ್ರೆಯವರಿದ್ದೀರಿ, ಶಾಲೆಯವರಿದ್ದೀರಿ. ತೆಂಗಿನಕಾಯಿಯನ್ನು ತಟ್ಟಿ ನೋಡದೆ ಕೊಳ್ಳುತ್ತೀರಾ? ಒಂದು ಅಗುಳು ಹಿಚುಕಿ ನೋಡದೆ ಅನ್ನ ಬಡಿಸುತ್ತೀರಾ? ಹಾಗಾದರೆ ಕಚೇರಿಯಲ್ಲಿ ಅಪ್‌ಡೇಟ್ ಬಂದಾಗ ಮಾತ್ರ ಏಕೆ ಕಣ್ಣು ಮುಚ್ಚುತ್ತೀರಿ? ನಂಬಿಕಸ್ಥರು ಕಳಿಸಿದ್ದು ಎನ್ನುತ್ತೀರಿ. ನಂಬಿ, ಬೇಡವೆನ್ನುವುದಿಲ್ಲ. ಕಾವಲನ್ನೂ ತೆಗೆಯಬೇಡಿ. ಆದರೆ ನಂಬಿದವರ ಹಾಲನ್ನೂ ಮೂಸಿ, ನಂಬಿದವರ ಹಾಲನ್ನೂ ಮೂಸಿ!

ನಾಳೆ ಕೆಲಸಕ್ಕೆ ಹೋದಕೂಡಲೇ ಕಂಪ್ಯೂಟರ್ ನೋಡಿಕೊಳ್ಳುವವರನ್ನು ಕೇಳಿ: ಹೊಸ ಅಪ್‌ಡೇಟನ್ನು ನಮ್ಮಲ್ಲಿ ಮೊದಲು ಯಾವ ಕಂಪ್ಯೂಟರಿಗೆ ಹಾಕಿ ನೋಡುತ್ತೀರಿ? ಕೆಟ್ಟರೆ ಹಿಂದಕ್ಕೆ ಬರುವ ದಾರಿ ಯಾವುದು? ಉತ್ತರ ಸಿಗುವವರೆಗೆ ಬಿಡಬೇಡಿ. ಏಕೆಂದರೆ ತೊಟ್ಟಿಯಲ್ಲಿರುವುದು ನಿಮ್ಮೊಬ್ಬರ ಹಾಲಲ್ಲ.