ಅಜ್ಜಿ ಕೋಳಿ ಕರೆದ ದನಿ

ಹೊನ್ನಾಳಿ ಬಸ್ ನಿಲ್ದಾಣದಲ್ಲಿ ದುರುಗೇಶ್ ಪೇಪರ್ ಬಿಡಿಸಿ ಕೂತಿದ್ದರು. ಪಕ್ಕದ ಬೆಂಚಿನಲ್ಲಿ ಕಾಲೇಜಿನ ಇಬ್ಬರು ಹುಡುಗಿಯರು ಮಾತು ಶುರುಮಾಡಿದ್ದರಿಂದ ಪೇಪರ್ ಅವರಿಗೆ ಓದುವುದಕ್ಕಿಂತ ಮುಖ ಮರೆಸಿಕೊಳ್ಳಲು ಹೆಚ್ಚು ಉಪಯೋಗಕ್ಕೆ ಬಂತು.

“ಸರ್ ಪ್ರಾಜೆಕ್ಟಿಗೆ ಸ್ವಂತ ರೆಕಾರ್ಡಿಂಗ್ ಮಾಡ್ಕೊಂಡು ಬರ್ರಿ ಅಂದ್ರೆ, ನೀನು ಎಲ್ರೂ ರೀಲ್ಸಿಗೆ ಹಾಕೋ ಆ ಕೋಳಿ ಕರೆಯೋ ಆಡಿಯೋನೇ ಹಾಕಿದೀಯಲ್ಲೇ, ಮದೀಹಾ!”

“ಅದು ನಮ್ಮಜ್ಜಿ ದನಿ ಕಣೇ ಮಮತಾ. ನಾನೇ ಹಿತ್ತಲಲ್ಲಿ ನಿಂತು ರೆಕಾರ್ಡ್ ಮಾಡಿದ್ದು.”

“ಸುಮ್ನಿರು! ಊರೆಲ್ಲಾ ಅದಕ್ಕೆ ಕುಣೀತೈತೆ.”

“ನಾನು ನೆಟ್ಟಿಗೆ ಹಾಕಿದ್ದನ್ನ ಯಾರೋ ಎತ್ಕೊಂಡು ಡೋಲು ಸೇರಿಸಿದ್ರು. ನಂದು ಅಂದಿದ್ದಕ್ಕೆ, ಕದ್ದು ಅಜ್ಜಿ ಹೆಸರು ಹೇಳ್ತೀಯಾ ಅಂತ ಕಾಮೆಂಟಲ್ಲಿ ಬೈದ್ರು. ಸರ್ರೂ ಕಾಪಿ ಅಂದ್ರು.”

ಬೆಳಗ್ಗೆ ಅದೇ ದನಿಗೆ ಮನೆಮಂದಿಯ ಜೊತೆ ನಕ್ಕಿದ್ದ ದುರುಗೇಶ್ ಪೇಪರನ್ನು ಇನ್ನಷ್ಟು ಮೇಲೆತ್ತಿದರು.

“ಅಜ್ಜಿ ಹತ್ರಾನೇ ಇನ್ನೊಂದ್ಸಲ ಕೂಗ್ಸು. ಮುಖ ತೋರ್ಸು.”

“ರಂಜಾನಿಗೆ ಮುಂಚೇನೇ ತೀರ್ಕೊಂಡ್ಳಲ್ಲೇ.”

“ಅಯ್ಯೋ, ನಂಗೆ ಗೊತ್ತೇ ಇರ್ಲಿಲ್ಲ... ಮತ್ತೆ, ಮೊದಲು ರೆಕಾರ್ಡ್ ಮಾಡಿದ್ದು ಐತಾ?”

“ಪೂರ್ತಿ ಐತೆ. ನಾನು ಹಾಕಿದ್ದು ಅದರ ಅರ್ಧ.”

“ಇನ್ನರ್ಧ ಸರ್‌ಗೆ ಕೇಳ್ಸು, ಮುಗೀತು.”

“ಒಲ್ಲೆ. ಅದರಲ್ಲಿ ಕೋಳಿ ಎಲ್ಲಾ ಗೂಡು ಸೇರಿದ ಮೇಲೆ, ‘ಮದೀಹಾ, ಕತ್ಲಾತು, ನೀನೂ ಒಳಗ್ ಬಾರವ್ವ’ ಅಂತ ನನ್ನ ಕರೀತಾಳೆ. ಅದಕ್ಕೂ ಡೋಲು ಬಡಿದ್ರೆ?”

ಮಮತಾ ಅವಳ ಹತ್ತಿರಕ್ಕೆ ಸರಿದು ಕೂತಳು.

ನ್ಯಾಮತಿ ಬಸ್ ಬಂತು. ಒಳಗೆ ಯಾರದೋ ಮೊಬೈಲಿನಲ್ಲಿ ಡೋಲಿನ ನಡುವೆ ಅಜ್ಜಿ ಕೋಳಿಗಳನ್ನು ಕರೆಯುತ್ತಿದ್ದಳು. ಮದೀಹಾ ಮೆಟ್ಟಿಲ ಮೇಲೆ ಒಂದು ಗಳಿಗೆ ನಿಂತಳು. ಆಮೇಲೆ, ಕರೆದದ್ದು ತನ್ನನ್ನೇ ಎಂಬಂತೆ ತಲೆ ತಗ್ಗಿಸಿ ಒಳಗೆ ಹೋದಳು.