ಹಕ್ಕಲದವರ ಮನೆತನ

ತಾಯಂದಿರೇ, ಮಾತು ಶುರು ಮಾಡುವ ಮೊದಲು ಒಂದು ಸಂಗತಿ. ಈಗ ತಾನೇ ಹಿಂದಿನ ಸಾಲಿನ ಅಜ್ಜಿಯೊಬ್ಬರಿಗೆ ಗೋಡೆಗೆ ಒರಗಿಕೊಳ್ಳಲು ಒಬ್ಬ ತಾಯಿ ಜಾಗ ಬಿಟ್ಟುಕೊಟ್ಟಳು. 'ನೀವು ಕೂಡ್ರಿ, ನನಗೆ ಇಲ್ಲಿ ಸೆಕೆ' ಅಂದಳು. ಹೊರಗೆ ಶ್ರಾವಣದ ಮಳೆ ಬೀಳುತ್ತಿದೆ, ಎಲ್ಲಿಯ ಸೆಕೆ? ಆ ಸುಳ್ಳನ್ನು ನೆನಪಿಟ್ಟುಕೊಳ್ಳಿ. ಕಥೆ ಮುಗಿದ ಮೇಲೆ ಅದು ಬೇಕಾಗುತ್ತದೆ.

ಒಂದೂರು, ಆ ಊರಿಗೊಬ್ಬ ಸಾವುಕಾರ. ಊರು ಯಾವುದು ಅಂತ ಮಾತ್ರ ಕೇಳಬೇಡಿ. ಹೇಳಿದರೆ ನಿಮ್ಮಲ್ಲೇ ಯಾರಾದರೂ ಅವನಿಗೆ ಬೀಗರಾಗಿರುತ್ತೀರಿ! ಮನುಷ್ಯ ಒಳ್ಳೆಯವನೇ. ಸುಳ್ಳು ತೂಕ ತೂಗಿದವನಲ್ಲ, ಇನ್ನೊಬ್ಬರ ಮನೆ ಮುರಿದವನಲ್ಲ. ಅವನಿಗಿದ್ದದ್ದು ಒಂದೇ ಕಾಯಿಲೆ, ಮನೆತನದ ಕಾಯಿಲೆ.

ಹೊಸ ಮನೆ ಕಟ್ಟಿಸಿದ. ಪಡಸಾಲೆಯ ಗೋಡೆಯ ಮೇಲೆ ದೊಡ್ಡದೊಂದು ಮರ ಬರೆಸಿ, ಕೊಂಬೆಕೊಂಬೆಗೂ ತನ್ನ ಹಿರಿಯರ ಹೆಸರು ಬರೆಸಬೇಕೆಂದು ಅವನ ಆಸೆ. ತನ್ನ ಮಗಳನ್ನು ಕೊಡಬೇಕೆಂದಿದ್ದ ಮನೆಯವರು ಮನೆಶಾಂತಿಗೆ ಬರುವವರಿದ್ದರು. ಅವರು ಗೌಡರು, ಮಾತು ಇನ್ನೂ ಪಕ್ಕಾ ಆಗಿರಲಿಲ್ಲ. ಬಂದವರು ಆ ಮರ ನೋಡಿ 'ಭಾರೀ ಮನಿತನ' ಅನ್ನಬೇಕು, ಮದುವೆ ಗಟ್ಟಿಯಾಗಬೇಕು.

ಅಪ್ಪನ ಹೆಸರು ಗೊತ್ತು, ಅಜ್ಜನ ಹೆಸರು ಗೊತ್ತು. ಅಜ್ಜನ ಅಪ್ಪನ ಹೆಸರಿಗಾಗಿ ಟ್ರಂಕು ತೆಗೆದು ಹಳೆಯ ಹೊಲದ ಕಾಗದಪತ್ರ ಬಿಡಿಸಿ ನೋಡಿದರೆ ಅಲ್ಲಿದ್ದದ್ದು 'ಹಕ್ಕಲ ದ್ಯಾವಪ್ಪ' ಅಂತ. ಸಾವುಕಾರ ಕಾಗದ ಮಡಿಚಿ ಮತ್ತೆ ಟ್ರಂಕಿನ ತಳಕ್ಕೆ ತುರುಕಿದ.

ಹಕ್ಕಲು ಅಂದರೆ ನಿಮಗೆಲ್ಲ ಗೊತ್ತು. ಪೇಟೆಯಲ್ಲಿ ಹುಟ್ಟಿದ ಹುಡುಗಿಯರಿಗಾಗಿ ಹೇಳುತ್ತೇನೆ. ಶೇಂಗಾದ ಬಳ್ಳಿ ಕಿತ್ತ ಮೇಲೆ ಒಂದಿಷ್ಟು ಕಾಯಿ ಮಣ್ಣಿನಲ್ಲೇ ಉಳಿಯುತ್ತವೆ. ಹೊಲವಿಲ್ಲದ ಬಡವರು ಬಂದು ಅದನ್ನು ಕೆದರಿ ಆರಿಸಿಕೊಳ್ಳುತ್ತಾರೆ. ಅದು ಹಕ್ಕಲು.

ಮುಖ ಸಣ್ಣಗೆ ಮಾಡಿಕೊಂಡು ಕೂತ ಗಂಡನನ್ನು ಹೆಂಡತಿ ಕೇಳಿದಳು, "ಯಾಕ್ರೀ, ಏನಾತು?"

"ನಮ್ಮಜ್ಜನ ಅಪ್ಪ ಮಂದಿ ಹೊಲದಾಗ ಬಿದ್ದದ್ದು ಆರಿಸಿಕೊಂಡು ತಿಂದಾನ. ಗೌಡ್ರ ಮುಂದ ಇದನ್ನ ಗ್ವಾಡಿ ಮ್ಯಾಲ ಬರಸ್ಲೇನು?"

"ಆರಿಸಿಕೊಂಡು ತಿಂದಾನ, ಕದ್ದು ತಿಂದಿಲ್ಲಲ್ಲ."

"ನಿನಗ ಇದೆಲ್ಲಾ ತಿಳಿಯೂದಿಲ್ಲ, ಸುಮ್ನಿರು."

"ಹೌದ್ರಿ, ನನಗ ಹೆಂಗ ತಿಳೀಬೇಕು? ಉಳ್ಳಾಗಡ್ಡಿ ಅನ್ನೂ ಅಡ್ಡಹೆಸರಿನವರ ಮನಿ ಮಗಳು ನಾನು. ಆ ವಾಸನಿ ಕಟಗೊಂಡ ನಿಮ್ಮ ಮನಿಗೆ ಬಂದೀನಿ. ಇಷ್ಟ ವರ್ಷ ಮೂಗು ಮುಚ್ಚಿಕೊಂಡ್ರೇನು ನೀವು?"

ಅವನು ನಗಲಿಲ್ಲ. ಬಣ್ಣ ಬರೆಯುವವನನ್ನು ಕರೆದು 'ಬರೇ ದ್ಯಾವಪ್ಪ ಅಂತ ಬರಿ' ಅಂದ. ಒಂದು ಮಾತು ಅಳಿಸಿಹೋಯಿತು. ನೋಡಿ, ಮನುಷ್ಯನನ್ನು ಮರೆಯಲು ಎಷ್ಟು ಹೊತ್ತು ಬೇಕು? ಒಂದು ಮಾತು ಬಿಟ್ಟು ಬರೆದರೆ ಸಾಕು.

ಮನೆಶಾಂತಿಯ ದಿನ ಬಂತು. ಗೌಡರು ಜಮಖಾನದ ಮೇಲೆ ಕೂತು ಚಹಾ ಕುಡಿಯುತ್ತಿದ್ದಾರೆ. ಅಷ್ಟರಲ್ಲಿ ಬಾಗಿಲಲ್ಲಿ ಗಂಟೆಯ ಸದ್ದು. ಯಾರು? ಹೆಳವ! ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಮನೆಮನೆಗೆ ಬಂದು, ಆ ಮನೆಯ ಹಿರಿಯರನ್ನೆಲ್ಲ ಹೆಸರು ಹಿಡಿದು ಹಾಡಿ ಕಾಳು ಇಸಿದುಕೊಂಡು ಹೋಗುತ್ತಾನಲ್ಲ, ಅವನು. ಗೋಡೆಗೆ ಬಣ್ಣ ಬಳಿಸಬಹುದು, ಹೆಳವನ ಬಾಯಿಗೆ?

ಸಾವುಕಾರ ಓಡಿಬಂದು ಪಿಸುಗುಟ್ಟಿದ, "ಎಷ್ಟ ಬೇಕಷ್ಟ ಜ್ವಾಳ ಒಯ್ಯೋ ಮಾರಾಯ. ಆ ಹಕ್ಕಲ ಅನ್ನೂ ಮಾತೊಂದು ಬಿಟ್ಟು ಹಾಡು."

ಹೆಳವ ನಕ್ಕ. "ಹಕ್ಕಲ ಬಿಡೂದು ನಿಮ್ಮ ಹಿರ್ಯಾನ ಕೆಲಸ್ರೀ ಯಪ್ಪಾ. ನನಗ ಬಿಡಾಕ ಬರೂದಿಲ್ಲ."

ಸಾವುಕಾರನಿಗೆ ಅರ್ಥವಾಗಲಿಲ್ಲ. ಅರ್ಥ ಮಾಡಿಕೊಳ್ಳುವುದರೊಳಗೆ ಹೆಳವ ದನಿ ಎತ್ತಿ ಹಾಡಿಬಿಟ್ಟ, 'ಹಕ್ಕಲ ಬಿಟ್ಟ ದ್ಯಾವಪ್ಪ' ಅಂತ.

ಗೌಡರು ಚಹಾದ ಬಟ್ಟಲು ಕೆಳಗಿಟ್ಟು ಕೇಳಿದರು, "ಹಕ್ಕಲ ಬಿಟ್ಟ ಅಂದ್ರ ಏನೋ ತಮ್ಮಾ?"

ಹೆಳವ ಹೇಳಿದ, "ಎಲ್ಲಾರೂ ಬಳ್ಳಿ ಕಿತ್ತ ಮ್ಯಾಲ ಇನ್ನೊಮ್ಮೆ ಕುಂಟಿ ಹೊಡದು ಉಳಿದ ಕಾಯಿ ಎಬ್ಬಿಸಿಕೊಳ್ತಾರ್ರಿ. ದ್ಯಾವಪ್ಪ ಹೊಡೀತಿದ್ದಿಲ್ಲ. ಹಕ್ಕಲದವರು ಬಂದು ಬದುವಿನ ಮ್ಯಾಲ ನಿಂತ್ರ, ಅವರಿಗೆ ಕೇಳೂ ಹಂಗ ತನ್ನ ಆಳಿಗೆ ಬೈತಿದ್ದ. 'ಕಣ್ಣ ಇಲ್ಲೇನ್ರಲೇ ನಿಮಗ? ಅರ್ಧ ಹೊಲ ಮಣ್ಣಾಗ ಬಿಟ್ಟೀರಿ! ಹೋಗ್ರಿ, ಇನ್ನ ಯಾವಾಂವ ಎಬ್ಬಸ್ತಾನ ಅದನ್ನ!' ಅಂತಿದ್ದ. ಆಳುಗಳೂ ಬೈಸಿಕೊಂಡು ಒಳಗೊಳಗ ನಗ್ತಿದ್ರು. ಊರಾಗ ಗಾದಿಮಾತ ಆಗಿತ್ರಿ, ದ್ಯಾವಪ್ಪನ ಆಳು ಹಗಲ ಕುರುಡರು ಅಂತ."

"ಬೈಯೂದು ಯಾಕ? ಸುಮ್ನ ಒಂದೊಂದು ಬುಟ್ಟಿ ಕೊಟ್ಟಿದ್ರ ಆಗ್ತಿದ್ದಿಲ್ಲೇನು?" ಅಂತ ಸಾವುಕಾರ ಕೇಳಿದ.

"ಕೊಟ್ಟದ್ದು ತಗೊಂಡ್ರ ಭಿಕ್ಷಾ ಅಕ್ಕತ್ರಿ ಯಪ್ಪಾ. ಬಿದ್ದದ್ದು ಆರಿಸಿಕೊಂಡ್ರ ದುಡಿಮಿ ಅಕ್ಕತಿ. ದ್ಯಾವಪ್ಪಗ ಅದು ಗೊತ್ತಿತ್ತು. ಅವರವ್ವ ಇವನ್ನ ಬೆನ್ನಿಗೆ ಕಟಗೊಂಡು ಮಂದಿ ಹೊಲದಾಗ ಹಕ್ಕಲ ಆರಿಸಿದಾಕಿ."

ನೋಡಿ ತಾಯಂದಿರೇ! ಆರಿಸಿದ್ದೂ ನಿಜ, ಬಿಟ್ಟದ್ದೂ ನಿಜ. ಆರಿಸಿದ ಕೈಯ ಮಗನೇ ಬಿಡುವುದನ್ನು ಕಲಿತಿದ್ದ. ಸಾವುಕಾರ ಅಳಿಸಿದ್ದು ಯಾವುದನ್ನು? ಮನೆತನಕ್ಕೆ ಇದ್ದ ಒಂದೇ ಒಂದು ಆಭರಣವನ್ನು.

ಕಥೆ ಇಲ್ಲಿಗೇ ಮುಗಿದಿದ್ದರೆ ಸಾವುಕಾರ ಎದೆ ಉಬ್ಬಿಸಿಕೊಂಡು ಕೂತಿರುತ್ತಿದ್ದ. ಆಗಲೇ ಉಬ್ಬತೊಡಗಿತ್ತು ಕೂಡ. ಆದರೆ ಗೌಡರು ಇನ್ನೊಂದು ಮಾತು ಕೇಳಿದರು. ಚುಚ್ಚಬೇಕೆಂದಲ್ಲ, ಸಹಜವಾಗಿ ಕೇಳಿದರು.

"ಛಲೋ ಮನಿತನ್ರಿ. ಈಗೂ ಬಿಡ್ತೀರಿಲ್ರಿ ಹಕ್ಕಲಾ?"

ಉಬ್ಬಿದ ಎದೆ ಅಲ್ಲೇ ಇಳಿಯಿತು. ಯಾಕೆಂದರೆ ಅವನ ಹೊಲಕ್ಕೆ ತಂತಿಬೇಲಿ ಇತ್ತು. ಬಳ್ಳಿ ಕಿತ್ತ ಮೇಲೆ ಎರಡೆರಡು ಸಲ ಕುಂಟಿ ಹೊಡೆಸುತ್ತಿದ್ದ. ಹಕ್ಕಲಿಗೆ ಬಂದವರನ್ನು ಆಳು ಬೇಲಿಯ ಆಚೆಯಿಂದಲೇ ಓಡಿಸುತ್ತಿದ್ದ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನ ಮುಖವನ್ನೇ ನೋಡುತ್ತಿದ್ದಳು.

ಕೊನೆಗೆ ಅವನು ತಲೆ ತಗ್ಗಿಸಿ, "ಇಲ್ರಿ ಗೌಡ್ರ. ನಡುವ ನಿಂತುಬಿಟ್ಟೈತಿ" ಅಂದ.

ಗೌಡರು ನಕ್ಕರು. "ಖರೇ ಹೇಳಿದ್ರಿ, ಅಷ್ಟ ಸಾಕು. ನಿಂತದ್ದನ್ನ ಮತ್ತ ಚಾಲೂ ಮಾಡಿದ್ರ ಆತು. ಲಗ್ನದ ತಿಥಿ ನೋಡೂಣು ನಡೀರಿ."

ಮರುದಿನ ಸಾವುಕಾರ ತಾನೇ ಹೊಲಕ್ಕೆ ಹೋದ. ತಡವಾಗಿ ಬಿತ್ತಿದ್ದ ಒಂದು ಪಟ್ಟಿಯಲ್ಲಿ ಬಳ್ಳಿ ಕಿತ್ತು ಮುಗಿದಿತ್ತು. ಹೆಂಗಸರು ಬುಟ್ಟಿ ಹಿಡಿದು ಬೇಲಿಯ ಹೊರಗೆ ನಿಂತಿದ್ದರು. ಕುಂಟಿ ನಿಲ್ಲಿಸಿದ, ಬೇಲಿಯ ಬಾಗಿಲು ತೆಗೆಸಿದ. ಆಮೇಲೆ ತನ್ನ ಹಿರಿಯನಂತೆ ಆಳುಗಳಿಗೆ ಬೈಯಲು ನೋಡಿದ. "ಏನ್ರಪಾ... ನಿಮಗ ಸ್ವಲ್ಪ... ಕಣ್ಣು ಕಾಣೂದಿಲ್ಲೇನ್ರಿ?" ಅಂದ.

ಆಳುಗಳು ಮುಖ ಮುಖ ನೋಡಿಕೊಂಡರು. ಹೆಂಗಸರಲ್ಲಿ ಒಬ್ಬ ಮುದುಕಿ ಬುಟ್ಟಿ ಕೆಳಗಿಟ್ಟು ನಕ್ಕಳು.

"ಸಾವ್ಕಾರ, ನಿಮಗ ಬೈಯಾಕ ಬರೂದಿಲ್ಲ ಬಿಡ್ರಿ. ಬರೂ ವರ್ಷದೊಳಗ ಕಲೀತೀರಿ. ಅಲ್ಲೀತನಕ ನಾವ ಏನೂ ತಿಳೀದವರಂಗ ಇರ್ತೀವಿ."

ಆಮೇಲೆ ಗೋಡೆಯ ಮೇಲಿನ ಆ ಕೊಂಬೆಗೆ ಇನ್ನೊಂದು ಮಾತು ಬರೆಯಲು ಜಾಗವೇ ಸಾಲಲಿಲ್ಲ. ಬಣ್ಣದವನು ಹೆಸರಿನ ತಲೆಯ ಮೇಲೆ ಸಣ್ಣಗೆ 'ಹಕ್ಕಲ' ಅಂತ ಬರೆದ. ದೂರದಿಂದ ನೋಡಿದರೆ ಕೊಂಬೆಯ ಮೇಲೆ ಹಕ್ಕಿ ಕೂತ ಹಾಗೆ ಕಾಣುತ್ತದಂತೆ.

ಈಗ ನಮ್ಮ ವಿಷಯ. ನಮಗೆ ಹೊಲವಿಲ್ಲ, ಶೇಂಗಾ ಇಲ್ಲ, ನಾವು ಯಾವ ಹಕ್ಕಲು ಬಿಡೋಣ ಅನ್ನುತ್ತೀರಾ? ನಾಳೆ ಬೆಳಿಗ್ಗೆ ಕಾಯಿಪಲ್ಲೆಯವಳು ಬಾಗಿಲಿಗೆ ಬರುತ್ತಾಳೆ. ತೂಕ ಸರಿಯಾಗಿ ಹಾಕಿದ ಮೇಲೂ ನಾವು ಏನು ಕೇಳುತ್ತೇವೆ? ಕೊಸರು! ಎರಡು ಮೆಣಸಿನಕಾಯಿ, ಒಂದು ಎಸಳು ಕರಿಬೇವು. ಅವಳ ಬುಟ್ಟಿಯಲ್ಲಿ ಉಳಿದದ್ದಕ್ಕೂ ಎರಡನೇ ಸಲ ಕುಂಟಿ ಹೊಡೆಯುತ್ತೇವೆ. ನಾಳೆ ಕೊಸರು ಕೇಳಬೇಡಿ. ಅಷ್ಟೇ.

ಇನ್ನು, ಮನೆಕೆಲಸದವಳಿಗೆ ಸೀರೆ ಕೊಡುತ್ತೀರಿ. ಕೊಡಿ. ಆದರೆ ಬೀಗತಿ ಬಂದಾಗ 'ಇಕಿ ಉಟ್ಟದ್ದು ನನ್ನ ಸೀರಿ' ಅನ್ನಬೇಡಿ. ಕೊಟ್ಟದ್ದನ್ನು ಬಿದ್ದದ್ದು ಮಾಡಿ. 'ಇದರ ಬಣ್ಣ ನನಗೆ ಒಪ್ಪುವುದಿಲ್ಲವ್ವ' ಅನ್ನಿ. ಅದು ಸುಳ್ಳಲ್ಲವೇ ಅಂತ ಯಾರಾದರೂ ಕೇಳಿದರೆ, ಹಿಂದಿನ ಸಾಲಿನಲ್ಲಿ ಸೆಕೆಯಾಗುತ್ತಿದೆ ಅಂದ ಆ ತಾಯಿಯನ್ನು ತೋರಿಸಿ. ಅಗೋ, ತಲೆ ತಗ್ಗಿಸಿಕೊಂಡಳು. ಅವಳ ಕಡೆ ತಿರುಗಿ ನೋಡಬೇಡಿ, ಪಾಪ. ಅಜ್ಜಿಗೆ ಆಗಲೇ ಜೊಂಪು ಹತ್ತಿದೆ.